ನಲವತ್ತೊಂದನೆಯ ಮನುಷ್ಯ

ಪೋರ್ಟ್ ಪಿರೀ
೨ ಅಕ್ಟೋಬರ್ ೧೯೮೩

ಪ್ರೀತಿಯ ಐಲ್ಸಾ ಅತ್ತೆ,

ಅಪ್ಪ ಸಹಿ ಹಾಕುವುದಿಲ್ಲವಂತೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ವಿಶ್ವವಿದ್ಯಾಲಯಕ್ಕೆ ಸೇರುವ ಫಾರಮ್ಮನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಒಂದು ವಾರವಾಯಿತು. ಅದರ ಮೇಲೆ ಈಗ ಎರಡು ಚಹಾ ಕಪ್ಪಿನ ಗುರುತು ಬಿದ್ದಿದೆ. ಜೂನ್‌ವರೆಗೆ ನನಗೆ ಹದಿನೆಂಟು ತುಂಬುವುದಿಲ್ಲ, ಹಾಗಾಗಿ ಮನೆಯ ಹಿರಿಯರ ಸಹಿ ಬೇಕೇ ಬೇಕು. ಅಮ್ಮನನ್ನು ಕೇಳಿದರೆ, “ನಿಮ್ಮಪ್ಪನ್ನ ಬಿಟ್ಟು ನಾನು ಹಾಕಲ್ಲ ಕಣೇ, ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ” ಅಂದರು.

ಅಪ್ಪನ ಜೊತೆ ನಡೆದ ಮಾತು ಇಷ್ಟೇ.

“ನಮ್ಮನೆಯಿಂದ ಒಬ್ಬಳು ಆ ಜಾಗಕ್ಕೆ ಹೋಗಿದ್ದೇ ಸಾಕು.”

“ಯಾಕೆ, ಅತ್ತೆಗೆ ಏನಾಗಿದೆ? ಚೆನ್ನಾಗೇ ಇದಾರಲ್ಲ?”

“ಇದಾಳಮ್ಮ. ತುಂಬಾನೇ ಚೆನ್ನಾಗಿದಾಳೆ.”

ಹಾಗೆಂದವರೇ ಬಕೆಟ್ಟು, ಹಲ್ಲುಕುಂಟೆ ಎತ್ತಿಕೊಂಡು ಏಡಿ ಹಿಡಿಯಲು ಹೊರಟುಹೋದರು. ಅಪ್ಪನಿಗೆ ಉತ್ತರ ಹೇಳಲು ಇಷ್ಟವಿಲ್ಲದಾಗಲೆಲ್ಲ ಸಮುದ್ರದಲ್ಲಿ ಏಡಿ ಇರುತ್ತದೆ.

ನಿಮ್ಮ ಹಾಗೆ ಮನಃಶಾಸ್ತ್ರವಲ್ಲದೆ ನನಗೆ ಬೇರೆ ಯಾವ ಓದೂ ಬೇಡ ಅತ್ತೆ. ನಿಮ್ಮ ಪ್ರೊಫೆಸರ್ ಪಾರ್ಫಿಟ್ ಅವರ ಪುಸ್ತಕವನ್ನು ಶಾಲೆಯ ಲೈಬ್ರರಿಯಿಂದ ಮೂರು ಸಲ ತಂದಿದ್ದೇನೆ. ನಲವತ್ತೊಂದನೆಯ ಮನುಷ್ಯನ ಅಧ್ಯಾಯ ಹೆಚ್ಚುಕಡಿಮೆ ಬಾಯಿಪಾಠವಾಗಿದೆ. ಸೀಸದ ಕಾರ್ಖಾನೆಯ ಕೆಲಸಗಾರ, ಪಕ್ಕದ ಕೋಣೆಯಲ್ಲಿ ಓದಿದವರು ಕೂತಿದ್ದಾರೆ ಎಂದು ಹೇಳಿದ್ದೇ ತಡ, ಮೂವತ್ತರಲ್ಲಿ ಇಪ್ಪತ್ತೇಳು ಸಲ ತನ್ನ ಮಾತು ಬಿಟ್ಟು ಅವರ ಮಾತು ಹಿಡಿದನಲ್ಲ, ಅವನು. ಓದುವಾಗಲೆಲ್ಲ ಅಯ್ಯೋ ಪಾಪ ಅನಿಸುತ್ತದೆ. ನಮ್ಮ ಊರಿನವನೇ ಇರಬೇಕು. ಮೊನ್ನೆ ಊಟದ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಪ್ಪ ಪುಸ್ತಕ ಕಿತ್ತುಕೊಂಡು ಫ್ರಿಜ್ಜಿನ ಮೇಲೆ ಇಟ್ಟರು.

ನೀವು ಒಂದು ಮಾತು ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ನಿಮ್ಮ ಮುದ್ದಿನ
ಮೆರಿಡಿ

*

ಅಡಿಲೇಡ್
೯ ಅಕ್ಟೋಬರ್ ೧೯೮೩

ಪ್ರೀತಿಯ ಕ್ಲೆಮ್,

ಮೆರಿಡಿ ಕಾಗದ ಬರೆದಿದ್ದಾಳೆ. ಅವಳನ್ನು ಬೈಯಬೇಡ, ನನಗಲ್ಲದೆ ಇನ್ನಾರಿಗೆ ಬರೆದಾಳು?

ನಾವಿಬ್ಬರೂ ಹದಿನೈದು ವರ್ಷದಿಂದ ಬಾಯಿ ಬಿಡದ ವಿಷಯವೊಂದನ್ನು ಇವತ್ತು ಎತ್ತುತ್ತೇನೆ. ೬೮ರ ಆ ಶನಿವಾರ ನಿಮ್ಮ ಕಾರ್ಖಾನೆಯಿಂದ ಮೂವತ್ತು ಜನ ಬಸ್ಸಿನಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದಿರಿ. ಬೆಳಿಗ್ಗೆ ನಮ್ಮ ಪ್ರಯೋಗ, ಮಧ್ಯಾಹ್ನ ಸ್ಯಾಂಡ್‌ವಿಚ್ಚು, ಆಮೇಲೆ ಪುಕ್ಕಟೆ ಟಿಕೆಟ್ಟಿನಲ್ಲಿ ಫುಟ್‌ಬಾಲ್ ಪಂದ್ಯ. ನಲವತ್ತೊಂದನೇ ನಂಬರು ನೀನೇ ಎಂದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಪಟ್ಟಿ ಕೈಗೆ ಬಂದಾಗ. ನೀನು ಬರುವುದಿಲ್ಲವೆಂದು ಹೇಳಿದ್ದೆಯಲ್ಲ.

ಅವತ್ತು ನಿನಗೆ ಇಪ್ಪತ್ತಕ್ಕೆ ಆರು ಅಂಕ ಬಂತು ಎಂದು ಹೇಳಿದರು. ಆ ಅಂಕ ಸುಳ್ಳು ಕ್ಲೆಮ್. ನೀನು ಉತ್ತರ ಬರೆಯುವ ಮೊದಲೇ ಆ ಚೀಟಿ ಟೈಪಾಗಿತ್ತು. ಡಿಸೆಂಬರಿನಲ್ಲಿ ಎಲ್ಲರಿಗೂ ನಿಜ ತಿಳಿಸಿ ಕಾಗದ ಕಳಿಸಿದೆವು. ಮೊದಲೇ ಹೇಳಿದರೆ ಪಿರೀಯಂಥ ಊರಿನಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹಬ್ಬಿ ಪ್ರಯೋಗ ಕೆಡುತ್ತದೆಂದು ಅಲ್ಲಿಯವರೆಗೆ ತಡೆದಿದ್ದೆವು. ನಿಮಗಿಂತ ಮುಂಚೆ ಬಂದಿದ್ದ ಬೇರೆ ಮೂವತ್ತು ಜನರದೂ ಸೇರಿ ಅರವತ್ತು ಲಕೋಟೆಯನ್ನೂ ನಾನೇ ಅಂಚೆಗೆ ಹಾಕಿದ್ದು. ನೀನು ಓದಿದೆಯೋ ಇಲ್ಲವೋ ತಿಳಿಯದು. ಓದಿದ್ದರೂ ಮನಸ್ಸು ಮೊದಲು ಕೇಳಿದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆಮೇಲೆ ನೀನು ಮೇಸ್ತ್ರಿ ಪರೀಕ್ಷೆಗೆ ಕೂರಲಿಲ್ಲ. ಯೂನಿಯನ್ನಿನ ಕಾರ್ಯದರ್ಶಿ ಮಾಡುತ್ತೇವೆಂದರೂ ಒಲ್ಲೆ ಅಂದೆ. 

ನಿನಗೆ ಆದದ್ದನ್ನು ಮಗಳ ತಲೆಗೆ ಕಟ್ಟಬೇಡ. ನಮ್ಮ ಪಾಸ್ಕೋ ಮನೆಯವರಿಗೆ ಓದು ಹತ್ತುವುದಿಲ್ಲ ಎಂದು ಯಾರೂ ಅಳೆದಿಲ್ಲ.

ನಿನ್ನ
ಐಲ್ಸಾ

*

ಪೋರ್ಟ್ ಪಿರೀ
೩೦ ಅಕ್ಟೋಬರ್ ೧೯೮೩

ಐಲ್ಸಾ,

ಕಾಗದ ಬಂತು. ಎರಡು ಸಲ ಓದಿದೆ.

ಸಹಿ ಹಾಕುವುದಿಲ್ಲ. ನಿನ್ನ ಅತ್ತಿಗೆ ವಾಲ್ ಚೆನ್ನಾಗಿದ್ದಾಳೆ. ಏಡಿ ಈ ವರ್ಷ ದಪ್ಪಗಿವೆ.

ಕ್ಲೆಮ್

*

ಅಡಿಲೇಡ್
೬ ನವೆಂಬರ್ ೧೯೮೩

ಮಾನ್ಯ ಪ್ರೊಫೆಸರ್ ಪಾರ್ಫಿಟ್ ಅವರಿಗೆ,

ನಿವೃತ್ತಿಯ ನಂತರ ಗುಲಾಬಿ ಗಿಡಗಳ ನಡುವೆ ಇರುವ ನಿಮ್ಮನ್ನು ಹಳೆಯ ಕೆಲಸಕ್ಕೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಪುಸ್ತಕದ ಹೊಸ ಆವೃತ್ತಿ ಬರುತ್ತಿದೆ ಎಂದು ಕೇಳಿದೆ. ಅದರಲ್ಲಿ ಎಲ್ಲರೂ ನೆನಪಿಟ್ಟುಕೊಂಡಿರುವ ನಲವತ್ತೊಂದನೆಯವನು ನನ್ನ ಸ್ವಂತ ಅಣ್ಣ.

ಅವನು ಆ ಕೋಣೆಯಿಂದ ಇನ್ನೂ ಹೊರಗೆ ಬಂದಿಲ್ಲ ಎಂದು ನನಗೆ ಅನಿಸುತ್ತದೆ. ನಾವು ಮಾಡಿದ್ದನ್ನು ಒಮ್ಮೆ ಬಿಡಿಸಿ ಹೇಳಿಕೊಂಡರೆ ನನಗೇ ಮೈ ಜುಮ್ಮೆನ್ನುತ್ತದೆ. ಒಬ್ಬನೇ ಮನುಷ್ಯನನ್ನು ಪುಟ್ಟ ಕೋಣೆಯಲ್ಲಿ ಕೂರಿಸಿದೆವು. ಒಂದು ತೋರಿಕೆಯ ಪರೀಕ್ಷೆ ಕೊಟ್ಟು, ನಿನಗೆ ಆರು, ಪಕ್ಕದ ಕೋಣೆಯ ಪದವೀಧರರಿಗೆ ಹದಿನೆಂಟು ಎಂದೆವು. ಆಮೇಲೆ ಕಪ್ಪು ಬಿಳುಪಿನ ಚೌಕಗಳ ಮೂವತ್ತು ಜೋಡಿ ಹಲಗೆ ತೋರಿಸಿ, ಪ್ರತಿ ಸಲವೂ ಎರಡರಲ್ಲಿ ಯಾವುದರಲ್ಲಿ ಬಿಳುಪು ಜಾಸ್ತಿ ಎಂದು ಕೇಳಿದೆವು. ಎರಡರಲ್ಲೂ ಒಂದೇ ಅಳತೆಯ ಬಿಳುಪಿತ್ತು. ಅವನು ಗುಂಡಿ ಒತ್ತಿದ ಕೂಡಲೇ ಪಕ್ಕದವರು ಬೇರೆಯದನ್ನು ಆರಿಸಿದ್ದಾರೆ ಎಂದು ದೀಪ ಹತ್ತುತ್ತಿತ್ತು. ಈಗ ಕೊನೆಯ ಉತ್ತರ ಹೇಳು ಎನ್ನುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಪದವೀಧರರೂ ಇರಲಿಲ್ಲ, ಯಾರೂ ಇರಲಿಲ್ಲ. ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆ ನಾನು ಕೂತು ದೀಪ ಹತ್ತಿಸುತ್ತಿದ್ದೆ, ಅವನು ಬಗ್ಗಿದಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದೆ.

ಅಣ್ಣ ಈಗ ಮಗಳನ್ನು ಓದಲು ಕಳಿಸುವುದಿಲ್ಲ ಎನ್ನುತ್ತಿದ್ದಾನೆ. ಫೆಬ್ರವರಿ ನಡುವಿಗೆ ದಾಖಲಾತಿ ಮುಗಿಯುತ್ತದೆ. ಆ ಅಂಕ ಕಟ್ಟುಕಥೆ, ತಪ್ಪು ನಮ್ಮದು ಎಂದು ನೀವೇ ಕೈಯಾರೆ ಬರೆದರೆ ಅವನು ನಂಬಬಹುದು. ನನ್ನ ಮಾತು ನಂಬಲಿಲ್ಲ.

ವಿಶ್ವಾಸದ
ಐಲ್ಸಾ ಪಾಸ್ಕೋ

*

ವಿಕ್ಟರ್ ಹಾರ್ಬರ್
೨೧ ನವೆಂಬರ್ ೧೯೮೩

ಪ್ರಿಯ ಐಲ್ಸಾ,

ಮೈ ಜುಮ್ಮೆನ್ನುತ್ತದೆ ಎಂದು ನೀವು ಬರೆದಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ. ಮೊದಲು ಅದನ್ನು ಹೇಳಿ ಮುಗಿಸುತ್ತೇನೆ.

ಕಾರ್ಖಾನೆಯಲ್ಲಿ ಒಬ್ಬ ಇನ್ನೊಬ್ಬನ ಮಾತಿಗೆ ತಲೆಬಾಗಿದ ಎಂದಿಟ್ಟುಕೊಳ್ಳಿ. ಯಾಕೆ ಬಾಗಿದ? ಹೆದರಿಕೆಯೋ, ಸ್ನೇಹವೋ, ಕೆಲಸ ಹೋದೀತೆಂಬ ಅಳುಕೋ, ಎಂದೋ ತೀರಿಸಬೇಕಾದ ಉಪಕಾರವೋ? ಹೊರಗೆ ಎಲ್ಲವೂ ಕಲಸಿಕೊಂಡಿರುತ್ತವೆ. ನಾವು ಇವೆಲ್ಲವನ್ನೂ ಬಾಗಿಲಾಚೆ ನಿಲ್ಲಿಸಿದೆವು. ಮೂವತ್ತು ಜನರಿಗೆ ಪಕ್ಕದಲ್ಲಿ ಪದವೀಧರ ಎಂದೆವು, ಇನ್ನು ಮೂವತ್ತು ಜನರಿಗೆ ಪಕ್ಕದಲ್ಲಿ ನಿಮ್ಮಂತೆಯೇ ಕೂಲಿಯವನು, ಇಬ್ಬರಿಗೂ ಹನ್ನೆರಡು ಅಂಕ ಎಂದೆವು. ಅದೇ ಹಲಗೆ, ಅದೇ ದೀಪ, ಅದೇ ಕುರ್ಚಿ. ಮೊದಲಿನವರು ಸರಾಸರಿ ಹತ್ತೊಂಬತ್ತು ಸಲ ಬಗ್ಗಿದರು, ಎರಡನೆಯವರು ಹನ್ನೊಂದು. ಆ ವ್ಯತ್ಯಾಸಕ್ಕೆ ನಾವು ಬದಲಿಸಿದ ಆ ಒಂದು ಮಾತಲ್ಲದೆ ಬೇರೆ ಕಾರಣ ಇರಲು ಸಾಧ್ಯವಿಲ್ಲ. ಹತ್ತು ವರ್ಷ ಊರೂರು ಅಲೆದು ಜನರನ್ನು ಮಾತಾಡಿಸಿದರೂ ಇಷ್ಟು ಖಚಿತವಾಗಿ ಹೇಳಲು ನಿಮಗೆ ಆಗುತ್ತಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಇದನ್ನೇ ಮತ್ತೆ ಮಾಡಿದರು, ಅಲ್ಲೂ ಅದೇ ಬಂತು. ಇದನ್ನು ಸಾಧಿಸಲು ನಾನು ಸದ್ದು ದಾಟದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆಸಿದ್ದೆ, ನೆನಪಿದೆಯೇ? ಇಲಾಖೆಯವರು ಪ್ಲೈವುಡ್ಡಿಗಿಂತ ಹೆಚ್ಚು ಕೊಡಲಿಲ್ಲ.

ಕೋಣೆಯೊಳಗೆ ಕಂಡದ್ದು ಹೊರಗೂ ಹಾಗೆಯೇ ನಡೆಯುತ್ತದೆಂದು ನಾನು ಎಂದೂ ಹೇಳಿಲ್ಲ. ಕೋಣೆಯಲ್ಲಿ ಯಾರಿಗೂ ಹೆಂಡತಿ ಮಕ್ಕಳಿಲ್ಲ, ಸೋಮವಾರವಿಲ್ಲ. ತಮ್ಮನ್ನು ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ಜನ ಎದುರಿನವರಿಗೆ ಬೇಕಾದ ಹಾಗೆ ನಡೆದುಕೊಳ್ಳುತ್ತಾರೆ. ಇದನ್ನೆಲ್ಲ ಕೊನೆಯ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಅದನ್ನು ಯಾರೂ ಓದುವುದಿಲ್ಲ, ಎಲ್ಲರೂ ನಲವತ್ತೊಂದನೆಯವನ ಪುಟ ತೆಗೆಯುತ್ತಾರೆ.

ನಿಮ್ಮ ಅಣ್ಣನಿಗೆ ಬರೆಯುತ್ತೇನೆ. ಆದರೆ ಒಂದು ಪ್ರಶ್ನೆಗೆ ನೇರ ಉತ್ತರ ಬೇಕು. ಒಳಗೆ ಬಂದವನು ಪರಿಚಯದವನಾದರೆ ಗಂಟೆ ಒತ್ತಬೇಕು, ಆ ಸರದಿ ರದ್ದಾಗುತ್ತದೆ ಎಂಬುದು ನಮ್ಮ ನಿಯಮ. ನೀವು ಗಂಟೆ ಒತ್ತಲಿಲ್ಲ. ಅವನು ನಿಮ್ಮ ಅಣ್ಣನೆಂದು ಅವತ್ತು ನಿಮಗೆ ಗೊತ್ತಿತ್ತೇ?

ಲಯನೆಲ್ ಪಾರ್ಫಿಟ್

*

ಅಡಿಲೇಡ್
೨೭ ನವೆಂಬರ್ ೧೯೮೩

ಮಾನ್ಯ ಪ್ರೊಫೆಸರರೇ,

ಗೊತ್ತಿರಲಿಲ್ಲ. ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು, ಅವನು ಟೋಪಿ ಹಾಕಿಕೊಂಡಿದ್ದ.

ಅವನಿಗೆ ಬರೆಯಲು ಒಪ್ಪಿದ್ದಕ್ಕೆ ತುಂಬಾ ಉಪಕಾರವಾಯಿತು.

ವಿಶ್ವಾಸದ
ಐಲ್ಸಾ ಪಾಸ್ಕೋ

*

ಪೋರ್ಟ್ ಪಿರೀ
೨೨ ಜನವರಿ ೧೯೮೪

ಐಲ್ಸಾ,

ಮೆರಿಡಿಯ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಶಾಲೆಯಲ್ಲಿ ಅವಳೇ ಮೊದಲು. ಸೀಟು ಕೊಟ್ಟಿದ್ದೇವೆಂದು ವಿಶ್ವವಿದ್ಯಾಲಯದಿಂದಲೂ ಕಾಗದ ಬಂದಿದೆ. ಅವಳು ಮನೆಯಲ್ಲಿ ನನ್ನೊಡನೆ ಮಾತಾಡುವುದಿಲ್ಲ. ಉಪ್ಪು ಬೇಕಾದರೂ ವಾಲ್‌ಳನ್ನು ಕೇಳುತ್ತಾಳೆ.

ನಿನ್ನ ಪ್ರೊಫೆಸರೂ ಕ್ರಿಸ್‌ಮಸ್ಸಿಗೆ ಮುಂಚೆ ಬರೆದಿದ್ದ. ಎರಡು ಪುಟ, ದಪ್ಪ ಕಾಗದ, ಸ್ವಂತ ಕೈಬರಹ. ಅಂಕ ಸುಳ್ಳು, ನನ್ನ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ, ನನಗೆ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದೆಲ್ಲ. ಪಾಪ, ಚೆನ್ನಾಗಿಯೇ ಬರೆದಿದ್ದಾನೆ. ಕ್ರಿಸ್‌ಮಸ್ಸಿಗೆ ನೀನು ಬಂದಾಗ ಇದನ್ನು ಎತ್ತುತ್ತೀಯೆಂದು ಕಾದೆ. ನೀನು ಹ್ಯಾಮ್ ತಿಂದೆ, ವಾಲ್ ಜೊತೆ ಪಾತ್ರೆ ಒರೆಸಿದೆ, ಬಿಸಿಲು ಜಾಸ್ತಿ ಅಂದೆ, ಹೋದೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನಾನು ಇಷ್ಟುದ್ದ ಬರೆಯುವವನಲ್ಲ, ಕೈ ನೋಯುತ್ತದೆ.

ಅಂಕ ಸುಳ್ಳೆಂದು ನನಗೆ ಅವತ್ತೇ ಗೊತ್ತಿತ್ತು. ಮುಗಿಸಿ ಬಂದವರು, ಇನ್ನೂ ಕಾಯುತ್ತಿರುವವರು ಒಬ್ಬರನ್ನೊಬ್ಬರು ನೋಡಬಾರದೆಂದು ನಿನ್ನ ಪ್ರೊಫೆಸರು ಎಲ್ಲ ಬಾಗಿಲಿಗೂ ಕಾವಲು ಹಾಕಿದ್ದ. ಕಕ್ಕಸಿಗೆ ಹಾಕಿರಲಿಲ್ಲ. ಅಲ್ಲಿ ಡೆಸ್ ಹಾರ್ಕರ್ ನಿಂತಿದ್ದ, ನಮ್ಮ ಪಾಳಿಯವನೇ.

“ನಂಗೆ ಆರು ಕಣೋ ಕ್ಲೆಮ್. ಮಾನ ಹೋಯ್ತು.”

ಅವನ ಹಿಂದೆಯೇ ಬಂದ ಇನ್ನೊಬ್ಬ ಅಂದ, “ನಿಂಗೂ ಆರಾ? ನಂಗೂ ಆರೇ!”

“ಇಬ್ರಿಗೂ ಆರು ಬಂತು ಅಂದ್ರೆ ಇವರು ಏನೋ ಆಟ ಆಡ್ತಿದಾರೆ ಕಣ್ರೋ” ಅಂದೆ ನಾನು. ಮೂವರೂ ನಕ್ಕೆವು. ಆಮೇಲೆ ನನ್ನ ಸರದಿ ಬಂತು. ಒಳಗೆ ಹೋದೆ, ನನಗೂ ಆರು. ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಹಾಗಿದ್ದರೆ ಯಾಕೆ ಬಗ್ಗಿದೆ ಅನ್ನುತ್ತೀಯ. ಎರಡನೇ ಹಲಗೆಯೋ ಮೂರನೆಯದೋ ತೋರಿಸುವಾಗ ಪಕ್ಕದ ಕೋಣೆಯಲ್ಲಿ ನೀನು ಕೆಮ್ಮಿದೆ. ನಿನ್ನ ಆ ಗೂರಲು ಕೆಮ್ಮು, ಮೂರು ಸಣ್ಣದು, ಆಮೇಲೆ ಒಂದು ಉದ್ದದ್ದು. ಐದು ವರ್ಷದವಳಿದ್ದಾಗಿಂದ ಆ ಕೆಮ್ಮಿಗೆ ನಾನು ಬಿಸಿನೀರು ಕಾಯಿಸಿ ಕೊಟ್ಟಿದ್ದೇನೆ. ಮೊಟ್ಟೆಯ ಟ್ರೇ ಅಲ್ಲ, ಇಟ್ಟಿಗೆ ಗೋಡೆ ಇದ್ದರೂ ನನಗೆ ಕೇಳುತ್ತಿತ್ತು. ಪಕ್ಕದಲ್ಲಿ ಓದಿದವರು ಕೂತಿದ್ದಾರೆ, ಹದಿನೆಂಟು ಅಂಕ ಎಂದರಲ್ಲ, ಓ, ಇದು ನಮ್ಮ ಐಲ್ಸಾ, ಅವಳಿಗೂ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಾನು ಬೇರೆ ಹೇಳಿದರೆ ನಿನ್ನದು ತಪ್ಪೆಂದು ಪ್ರೊಫೆಸರು ಬರೆದುಕೊಂಡಾನು, ನಿನ್ನ ಓದಿಗೆ ಕುತ್ತು ಬಂದೀತು. ನನಗೆ ಏನು, ಸೋಮವಾರ ಮತ್ತೆ ಕಾರ್ಖಾನೆ. ಅದಕ್ಕೇ ನೀನು ಒತ್ತಿದ್ದೇ ಸರಿ ಎಂದು ಒತ್ತುತ್ತ ಹೋದೆ. ಅನುಮಾನ ಬಾರದಿರಲಿ ಎಂದು ನಡುನಡುವೆ ಮೂರು ಸಲ ನನ್ನದೇ ಹಿಡಿದೆ. ನಾನು ಜಾಣನೆಂದು ನನಗೇ ಖುಷಿಯಾಗಿತ್ತು.

ಅಮ್ಮ ನಿನಗೆಂದು ಪಾಸ್ಟಿ, ಅದೇ ಮಾಂಸ ತುಂಬಿದ ಕಡುಬು, ಕಟ್ಟಿಕೊಟ್ಟಿದ್ದಳು. ಹೇಳದೆ ಬಂದು ನಿನ್ನನ್ನು ಬೆಚ್ಚಿಬೀಳಿಸಬೇಕೆಂದಿದ್ದೆ. ಗೇಟಿನ ಹತ್ತಿರ ಕಾದೆ. ನೀನು ಬರಲಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲವೇನೋ ಅಂದುಕೊಂಡೆ. ಪಂದ್ಯದ ಅರ್ಧ ಮುಗಿದ ಮೇಲೆ ಹೋದೆ. ಪಾಸ್ಟಿಯನ್ನು ಡೆಸ್ ತಿಂದ.

ಡಿಸೆಂಬರಿನಲ್ಲಿ ನಿಮ್ಮ ಕಾಗದ ಬಂತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಕೂತವರು ಯಾರೂ ಇರಲಿಲ್ಲ, ನಮ್ಮ ಸಹಾಯಕರು ಗಾಜಿನ ಹಿಂದಿನಿಂದ ನಿಮ್ಮನ್ನು ನೋಡುತ್ತ ದೀಪ ಹತ್ತಿಸುತ್ತಿದ್ದರು ಎಂದು ಬರೆದಿತ್ತು. ಕೆಮ್ಮಿದವಳು ನೀನು. ಹಾಗಾದರೆ ನೋಡಿದವಳೂ ನೀನೇ. ಅಲ್ಲಿಯವರೆಗೆ ನಾನು ನಿನ್ನನ್ನು ಕಾಪಾಡಿದೆ ಅಂದುಕೊಂಡಿದ್ದೆ.

ಆ ವರ್ಷ ಕ್ರಿಸ್‌ಮಸ್ಸಿಗೆ ಬಂದಾಗ ಹೇಳುತ್ತೀಯ ಎಂದು ಕಾದೆ. ನಕ್ಕುಬಿಡೋಣ ಎಂದೇ ಇದ್ದೆ. ನೀನು ಹೇಳಲಿಲ್ಲ. ಮುಂದಿನ ವರ್ಷವೂ ಇಲ್ಲ. ಆಮೇಲೆ ಆ ಪುಸ್ತಕ ಬಂತು. ಬೆನ್ನುಮೂಳೆ ಇಲ್ಲದ ಒಬ್ಬ ಕೂಲಿಯವನ ಕಥೆ. ಈಗ ಅಕ್ಟೋಬರಿನಲ್ಲಿ ಬರೆದಿದ್ದೀಯ, ಪಟ್ಟಿ ನೋಡಿದ ಮೇಲೆ ಗೊತ್ತಾಯಿತೆಂದು. ನನ್ನ ಮಗಳು ನನ್ನ ಎದುರಿಗೇ ಕೂತು ಅದನ್ನು ಓದಿ, “ಅಯ್ಯೋ ಪಾಪ, ಎಂಥಾ ಮನುಷ್ಯ ಅಪ್ಪ ಇವ್ನು” ಅಂದಳು. 

ಮೇಸ್ತ್ರಿ ಕೆಲಸ ಒಲ್ಲೆ ಅಂದದ್ದು ಅಂಕದಿಂದಲ್ಲ. ಮೇಸ್ತ್ರಿಯಾದರೆ ಡೆಸ್ ತಡವಾಗಿ ಬಂದ ದಿನ ಅವನ ಹೆಸರು ಬರೆದು ಆಫೀಸಿಗೆ ಕೊಡಬೇಕು. ಜೊತೆಯವರನ್ನು ನೋಡಿ ಬರೆದುಕೊಳ್ಳುವ ಕೆಲಸ ನನಗೆ ಒಗ್ಗುವುದಿಲ್ಲ.

ಮೆರಿಡಿಗೆ ಬುದ್ಧಿ ಸಾಲದೆಂದು ನಾನು ತಡೆಯುತ್ತಿಲ್ಲ. ನಿನಗಿಂತ ಜಾಸ್ತಿಯೇ ಇದೆ. ಅಲ್ಲಿ ಹೋಗಿ ಅವಳು ನಿನ್ನ ಹಾಗೆ ಆಗುವುದು ನನಗೆ ಬೇಡ. ನಿನಗೆ ಇಷ್ಟು ವರ್ಷ ಹೇಳದೆ ಇದ್ದದ್ದು ಇದೇ.

ಆದರೆ ಮಗು ಊಟ ಬಿಟ್ಟಿದೆ. ಆದ್ದರಿಂದ ಒಂದು ಮಾತು. ಒಂದು ಶನಿವಾರ ಬಾ. ನಮ್ಮ ಮೇಜಿನ ಮುಂದೆ ಕೂತು ಅವಳಿಗೆ ನೀನೇ ಹೇಳು, ನಲವತ್ತೊಂದನೆಯವನು ಯಾರು, ಗಾಜಿನ ಹಿಂದೆ ಯಾರಿದ್ದರು ಎಂದು. ಕೇಳಿದ ಮೇಲೂ ಹೋಗುತ್ತೇನೆ ಅಂದರೆ ನಾನೇ ಸಹಿ ಹಾಕಿ, ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಕ್ಲೆಮ್

*

ಅಡಿಲೇಡ್
೨೯ ಜನವರಿ ೧೯೮೪

ಕ್ಲೆಮ್,

ಬರುತ್ತೇನೆ. ನಾಲ್ಕನೇ ತಾರೀಕು, ಬೆಳಗಿನ ಬಸ್ಸಿಗೆ. ಮೆರಿಡಿಗೆ ಹೇಳುವ ಮೊದಲು ನಿನಗೆ ಹೇಳಬೇಕು, ಆ ಕ್ರಮವನ್ನಾದರೂ ಕೆಡಿಸಬಾರದು.

ಬಾಗಿಲು ತೆರೆದಾಗಲೇ ನೀನೆಂದು ಗೊತ್ತಾಯಿತು. ಬೆಳಕು ಚೆನ್ನಾಗಿಯೇ ಇತ್ತು, ನೀನು ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಗಂಟೆ ನನ್ನ ಬಲಗೈಗೆ ತಾಗುವಷ್ಟು ಹತ್ತಿರವಿತ್ತು. ಅವತ್ತು ನಿಮ್ಮವರಲ್ಲಿ ಇಬ್ಬರು ನಡುವೆಯೇ ಹೆಂಡದಂಗಡಿಗೆ ಜಾರಿಕೊಂಡಿದ್ದರು. ಅವರನ್ನು ಹುಡುಕಿ ತಂದು ಕೂರಿಸುವುದರಲ್ಲಿ ಪ್ರೊಫೆಸರು ರೇಗಿಹೋಗಿದ್ದರು. ಇನ್ನೊಬ್ಬ ಕಡಿಮೆಯಾದರೆ ಎಲ್ಲವನ್ನೂ ಮುಂದಿನ ವರ್ಷ ಮತ್ತೆ ಮಾಡಬೇಕಾಗುತ್ತದೆ ಎಂದಿದ್ದರು. ನನ್ನ ಪ್ರಬಂಧ ಅದರ ಮೇಲೆ ನಿಂತಿತ್ತು, ಲೇಖನದಲ್ಲಿ ನನ್ನ ಹೆಸರು ಬರುವುದಿತ್ತು. ಕೈ ಗಂಟೆಯ ಕಡೆ ಹೋಗಲಿಲ್ಲ, ಪೆನ್ಸಿಲಿನ ಕಡೆ ಹೋಯಿತು. ಆಮೇಲೆ ನೀನು ಗೇಟಿನಲ್ಲಿ ನಿಂತಿದ್ದನ್ನು ಮೇಲಿನ ಕಿಟಕಿಯಿಂದ ನೋಡಿದೆ. ಪ್ರಯೋಗಕ್ಕೆ ಬಂದವರನ್ನು ಭೇಟಿಯಾಗಬಾರದೆಂಬ ನಿಯಮ ಆಗ ನೆನಪಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀನು ಬಗ್ಗಿದಾಗಲೆಲ್ಲ, ನನ್ನಣ್ಣ ಇಷ್ಟು ಹೇಡಿಯೇ ಎಂದು ನನಗೆ ನಾಚಿಕೆಯಾಗುತ್ತಿತ್ತು. ಅವತ್ತಿನಿಂದ ಇವತ್ತಿನವರೆಗೆ ನಿನ್ನ ಮೇಲೆ ಕನಿಕರಪಟ್ಟಿದ್ದೇನೆ. ಆ ಕನಿಕರವನ್ನೇ ಪ್ರೀತಿ ಎಂದುಕೊಂಡಿದ್ದೆ. ಯಾಕೆ ಬಗ್ಗಿದೆ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಜನರನ್ನು ಅರಿಯುವುದೇ ನನ್ನ ಕಸುಬು, ಆದರೂ ಕೇಳಲಿಲ್ಲ.

ಪ್ರೊಫೆಸರಿಗೂ ನಿಜ ಬರೆದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಐಲ್ಸಾ

*

ವಿಕ್ಟರ್ ಹಾರ್ಬರ್
೧೩ ಫೆಬ್ರವರಿ ೧೯೮೪

ಪ್ರಿಯ ಐಲ್ಸಾ,

ನಿಮ್ಮ ಕಾಗದ ಓದಿದ ಮೇಲೆ ಹಳೆಯ ಕಡತ ತೆಗೆದು ಲೆಕ್ಕ ಹಾಕಿದೆ. ನಲವತ್ತೊಂದನೆಯವನನ್ನು ತೆಗೆದರೂ ಫಲಿತಾಂಶ ಅಲುಗಾಡುವುದಿಲ್ಲ. ಕಕ್ಕಸಿನಲ್ಲಿ ಮಾತಾಡಿಕೊಂಡ ಇನ್ನಿಬ್ಬರನ್ನು ತೆಗೆದರೂ ನಿಲ್ಲುತ್ತದೆ. ಆದ್ದರಿಂದ ವಿಜ್ಞಾನಕ್ಕೆ ಹಾನಿಯಾಗಿಲ್ಲ, ನೀವು ಅಷ್ಟು ನೊಂದುಕೊಳ್ಳುವುದು ಬೇಡ.

ಅವನ ಅಧ್ಯಾಯದ ಮಾತು ಬೇರೆ. ಪುಸ್ತಕ ಅಚ್ಚಿಗೆ ಹೋಗಿ ತಿಂಗಳಾಯಿತು. ನಿಜ ಹೇಳಬೇಕೆಂದರೆ, ಅಚ್ಚಿಗೆ ಹೋಗಿರದಿದ್ದರೂ ಪ್ರಕಾಶಕರು ಅದನ್ನು ತೆಗೆಯಲು ಬಿಡುತ್ತಿರಲಿಲ್ಲ. ಓದುವವರಿಗೆ ಸರಾಸರಿ ಬೇಡ, ಒಬ್ಬ ಮನುಷ್ಯ ಬೇಕು. ಅವನು ಇಲ್ಲದೆ ಆ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ.

ತಂಗಿಯ ಕೆಮ್ಮು ಕೇಳಿ ಬಗ್ಗಿದ ಎಂದಿದ್ದೀರಿ. ತುಂಬಾ ಸ್ವಾರಸ್ಯವಾಗಿದೆ. ನಾನು ಎಲ್ಲವನ್ನೂ ಬಾಗಿಲಾಚೆ ನಿಲ್ಲಿಸಿದ್ದೆ ಎಂದುಕೊಂಡಿದ್ದೆ. ಇನ್ನು ಹತ್ತು ವರ್ಷ ಚಿಕ್ಕವನಾಗಿದ್ದರೆ ಅದರ ಮೇಲೆಯೇ ಒಂದು ಪ್ರಯೋಗ ಹೂಡುತ್ತಿದ್ದೆ.

ಲಯನೆಲ್ ಪಾರ್ಫಿಟ್

*

ಅಡಿಲೇಡ್
೪ ಮಾರ್ಚ್ ೧೯೮೪

ಐಲ್ಸಾ ಅತ್ತೆಗೆ,

ನೀವು ನಾಲ್ಕು ಸಲ ಹಾಸ್ಟೆಲಿಗೆ ಫೋನ್ ಮಾಡಿದಿರೆಂದು ವಾರ್ಡನ್ ಹೇಳಿದರು. ಫೋನಿನಲ್ಲಿ ಹೇಳಲು ನನಗೆ ಆಗುವುದಿಲ್ಲ, ಬರೆಯುತ್ತೇನೆ.

ಅವತ್ತು ನೀವು ಎಲ್ಲ ಹೇಳಿ ಮುಗಿಸಿದಿರಿ. ಅಮ್ಮ ಒಂದೇ ತಟ್ಟೆಯನ್ನು ಮೂರು ಸಲ ತೊಳೆದರು. ಅಪ್ಪ ತಲೆ ಎತ್ತಲಿಲ್ಲ. ನೀವು ಮುಗಿಸಿದ ಮೇಲೆ, “ಚಹಾ ಹಾಕ್ಲಾ ಐಲ್ಸಾ, ಬಸ್ಸಿಗೆ ಇನ್ನೂ ಟೈಮಿದೆ” ಅಂದರು. ನನಗೆ ಅಪ್ಪನ ಕಾಲು ಹಿಡಿದು ಅಳಬೇಕೆನಿಸಿತು. ಅವರ ಎದುರಿಗೇ ಆ ಪುಸ್ತಕವನ್ನು ಗಟ್ಟಿಯಾಗಿ ಓದಿದವಳು ನಾನು. ಹಾಗೆಲ್ಲ ಅತ್ತರೆ ಅವರಿಗೆ ಮುಜುಗರ ಎಂದು ಸುಮ್ಮನಾದೆ.

ನೀವು ಗಂಟೆ ಒತ್ತಲಿಲ್ಲ ಎಂಬುದನ್ನು ನಾನು ಕ್ಷಮಿಸಬಲ್ಲೆ ಅನಿಸುತ್ತದೆ. ಆಗ ನಿಮಗೆ ಇಪ್ಪತ್ತೊಂದು, ನನಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೆ ಮೇಜಿನ ಮುಂದೆ ಕೂತು ಹೇಳುತ್ತಿದ್ದಾಗ ನೀವು ಅಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ ಅತ್ತೆ. ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಾನು ಯಾವ ಮಾತಿಗೆ ಬೆಚ್ಚುತ್ತೇನೆ, ಯಾವ ಮಾತಿಗೆ ಕರಗುತ್ತೇನೆ ಎಂದು ನೋಡಿಕೊಂಡು ಮುಂದಿನ ಮಾತು ಆಡುತ್ತಿದ್ದಿರಿ. ಅದು ನಿಮಗೇ ಗೊತ್ತಿಲ್ಲವೇನೋ.

ಓದಲು ಬಂದಿದ್ದೇನೆ. ನಿಮ್ಮ ವಿಷಯವನ್ನೇ ತೆಗೆದುಕೊಂಡಿದ್ದೇನೆ, ಅಪ್ಪ ಬೇಡ ಅನ್ನಲಿಲ್ಲ. ಜನರ ಬಗ್ಗೆ ತಿಳಿಯಬೇಕೆಂಬ ಆಸೆ ನನಗೆ ಹೋಗಿಲ್ಲ. ಹೇಗೆ ತಿಳಿಯಬಾರದು ಎಂಬುದಂತೂ ಗೊತ್ತಾಗಿದೆ.

ದಾಖಲಾತಿಯ ದಿನ ಅಪ್ಪ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದರು. ನನ್ನ ಹಿಂದೆಯೇ ಸಾಲಿನಲ್ಲಿ ನಿಂತಿದ್ದರು. ಫಾರಮ್ಮಿನ ಕೊನೆಯಲ್ಲಿ, ಈ ನಗರದಲ್ಲಿರುವ ನಿಮ್ಮ ಹತ್ತಿರದ ಸಂಬಂಧಿಕರು ಎಂದು ಒಂದು ಖಾನೆ ಇತ್ತು. ನಾನು ಖಾಲಿ ಬಿಟ್ಟೆ. ಗುಮಾಸ್ತೆ ಕೇಳಿದಳು.

“ಯಾರೂ ಇಲ್ವೇನಮ್ಮ ಇಲ್ಲಿ? ಹುಷಾರು ತಪ್ಪಿದ್ರೆ ಯಾರಿಗೆ ಹೇಳಿಕಳಿಸೋದು?”

“ಇವಳ ಅತ್ತೆ ಇದಾಳೆ” ಅಂದರು ಅಪ್ಪ. “ನನ್ನ ತಂಗಿ. ಇಲ್ಲೇ ಪಾಠ ಮಾಡ್ತಾಳೆ. ಅವಳ ಹೆಸರು ಬರ್ಕೊಳ್ಳಿ, ತುಂಬಾ ಒಳ್ಳೆಯವಳು.”

ಅವಳು ನನ್ನ ಮುಖ ನೋಡಿದಳು. ನಾನು ಇಲ್ಲ ಅಂದೆ. ಅವಳು ಅಲ್ಲಿ “ಯಾರೂ ಇಲ್ಲ” ಎಂದು ಬರೆದುಕೊಂಡಳು.

ಮೆರಿಡಿ ಪಾಸ್ಕೋ